ಬೆಣ್ಣೆ ಯಜಮಾನರ ಮೂಗು

ನಮ್ಮ ಪಂಪ್‌ಹೌಸಿನಲ್ಲಿ ಎರಡು ಪುಸ್ತಕಗಳಿದ್ದವು. ಒಂದರಲ್ಲಿ ಪಂಪು ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತಿಗೆ ನಿಂತಿತು ಎಂದು ನಾನು ಬರೆಯುತ್ತಿದ್ದೆ. ಇನ್ನೊಂದರಲ್ಲಿ ಸಾರ್ವಜನಿಕರು ದೂರು ಬರೆಯಬೇಕಿತ್ತು. ಸಾರ್ವಜನಿಕರು ಅಂದರೆ ಒಬ್ಬರೇ, ಎದುರು ಮನೆಯ ಯಜಮಾನರು.

ಪಂಪ್‌ಹೌಸ್ ಇರುವುದು ದಾವಣಗೆರೆಯ ಅಂಚಿನಲ್ಲಿ, ಶಾಮನೂರಿನ ಕಡೆ ಹೊಸದಾಗಿ ಎದ್ದ ಬಡಾವಣೆಯ ತಗ್ಗಿನಲ್ಲಿ. ಆ ಭಾಗದ ಬಚ್ಚಲು, ಅಡುಗೆಮನೆ, ಪಾಯಖಾನೆಗಳ ನೀರೆಲ್ಲ ನೆಲದೊಳಗಿನ ಕೊಳವೆಯಲ್ಲಿ ಹರಿದು ನಮ್ಮ ಬಾವಿಗೆ ಬಂದು ಬೀಳುತ್ತದೆ. ಕಾಗದಪತ್ರದಲ್ಲಿ ಅದಕ್ಕೆ ವೆಟ್‌ವೆಲ್ ಎಂದು ಹೆಸರು. ಜನ ಯುಜಿಡಿ ಬಾವಿ ಅನ್ನುತ್ತಾರೆ, ಸಿಟ್ಟು ಬಂದಾಗ ಬೇರೆ ಏನೇನೋ ಅನ್ನುತ್ತಾರೆ. ಅಲ್ಲಿಂದ ನೀರನ್ನು ಪಂಪಿನಲ್ಲಿ ಎತ್ತಿ ಶುದ್ಧೀಕರಣ ಘಟಕದ ಕಡೆ ತಳ್ಳುವುದು ನನ್ನ ಕೆಲಸ. ನಾನು ಹರಿಹರದವನು. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತೇನೆ. ಹೋಗುವಾಗ ನನ್ನ ಪಕ್ಕದ ಸೀಟು ಸಾಮಾನ್ಯವಾಗಿ ಖಾಲಿ ಇರುತ್ತದೆ. ಈ ನೌಕರಿಯ ಸವಲತ್ತುಗಳಲ್ಲಿ ಅದೂ ಒಂದು ಎಂದುಕೊಂಡಿದ್ದೇನೆ.

ಯಜಮಾನರದು ಪೇಟೆಯಲ್ಲಿ ಬೆಣ್ಣೆ ಅಂಗಡಿ. ಸುತ್ತಲ ಹಳ್ಳಿಗಳಿಂದ ಬೆಣ್ಣೆ ಅವರಲ್ಲಿಗೆ ಬರುತ್ತದೆ, ದೋಸೆ ಹೋಟೆಲಿನವರು ಬಂದು ಒಯ್ಯುತ್ತಾರೆ. ಯಾವ ಡಬ್ಬಿಯದು ಒಳ್ಳೆಯದು, ಯಾವುದಕ್ಕೆ ಡಾಲ್ಡಾ ಬೆರೆತಿದೆ, ಯಾವುದು ನಾಳಿದ್ದಿಗೆ ಕಮಟು ಹಿಡಿಯುತ್ತದೆ ಎಂದು ಹೇಳುವವರು ಅವರೇ. ಚೂರು ಬೆಣ್ಣೆ ತೆಗೆದು ಅಂಗೈಗೆ ಉಜ್ಜಿ, ಮೂಗಿಗೆ ಹಿಡಿದು ‘ಹೂಂ’ ಅಂದರೆ ಮುಗಿಯಿತು. ಆಮೇಲೆ ಹೋಟೆಲಿನವರು ಡಬ್ಬಿಯ ಮುಚ್ಚಳವನ್ನೂ ತೆಗೆದು ನೋಡುತ್ತಿರಲಿಲ್ಲ.

ಅಂಥ ಮೂಗಿನ ಎದುರಿಗೆ ನಮ್ಮ ಬಾವಿ ಬಂತು. ಬಾವಿಯನ್ನು ಅಲ್ಲಿ ತಂದಿಟ್ಟವನು ನಾನಲ್ಲ, ನೀರು ತಗ್ಗಿಗೇ ಬರುತ್ತದೆ. ಆದರೂ ದಿನಾ ಬೆಳಿಗ್ಗೆ ಅವರು ಬಿಳಿ ಪಂಚೆಯಲ್ಲಿ ಗೇಟು ದಾಟಿ ಬಂದು, ನನ್ನ ಕಡೆ ನೋಡದೆ ಪುಸ್ತಕ ತೆರೆದು ಬರೆಯುತ್ತಿದ್ದರು. ‘ಬೆಳಿಗ್ಗೆ ಏಳು ಗಂಟೆ. ಕೊಳೆತ ಮೊಟ್ಟೆ. ಸಾಧಾರಣ.’ ‘ನಿನ್ನೆ ಸಂಜೆ. ಕೊಳೆತ ಮೊಟ್ಟೆ, ಹಿಂದಿನಿಂದ ಹಳಸಿದ ಕೋಸು. ಜಾಸ್ತಿ.’ ‘ಮಧ್ಯಾಹ್ನ. ಸೋಪಿನ ನೀರು, ಅಡಿಯಲ್ಲಿ ಮೊಟ್ಟೆ. ಸಹಿಸಬಹುದು.’ ಮೊಟ್ಟೆ ಹೊಸಿಲು ದಾಟದ ಮನೆ ಅವರದು. ಅದರ ವಾಸನೆ ಅವರಿಗೆ ಹೇಗೆ ಗೊತ್ತು ಎಂದು ಒಮ್ಮೆ ಕೇಳಿಯೇಬಿಟ್ಟೆ.

“ನಿಮ್ಮ ಇಂಜಿನಿಯರ್ ಮೇಡಮ್ಮಾರು ಹೇಳಿದ್ದು,” ಅಂದರು. “ಈ ವಾಸನಿಗೆ ಕೊಳೆತ ಮೊಟ್ಟೆ ಅಂತಾರೆ ಅಂದ್ರು. ಅದನ್ನೇ ಬರೀತೀನಿ. ನನಗೆ ಮೊಟ್ಟೆ ಅಂದ್ರೆ ನಿಮ್ಮ ಬಾವಿನೇ.”

ಇಂಜಿನಿಯರ್ ಮೇಡಂ ಪ್ರತಿ ಶನಿವಾರ ಫೋನ್ ಮಾಡುತ್ತಿದ್ದರು. “ದೂರು ಐತಾ?” ಎಂದು ಕೇಳುವರು. “ಐತೆ ಮೇಡಂ,” ಅನ್ನುವೆ. ಆ ಕಡೆಯಿಂದ ಒಂದು ನಿಟ್ಟುಸಿರು ಕೇಳುತ್ತಿತ್ತು. ನಾನು ಪುಸ್ತಕದಲ್ಲಿ ‘ಕ್ರಮ ಕೈಗೊಳ್ಳಲಾಗುವುದು’ ಎಂದು ಬರೆಯುತ್ತಿದ್ದೆ.

ಈಗ ನನ್ನ ಗುಟ್ಟನ್ನು ಹೇಳಿಬಿಡುತ್ತೇನೆ. ನನಗೆ ವಾಸನೆ ತಿಳಿಯುವುದಿಲ್ಲ.

ಕೆಲಸಕ್ಕೆ ಸೇರಿದ ಮೊದಲ ದಿನ ಹಳೆಯ ಆಪರೇಟರ್ ಒಬ್ಬರು ಹೇಳಿದ್ದರು: “ವಾಸನೆ ಬಂದ್ರೆ ಹೆದರಬ್ಯಾಡ. ಬರ್ತಿದ್ದದ್ದು ತಟ್ಟನೆ ನಿಂತ್ರೆ ಓಡು.” ಬಾವಿಯ ಗಾಳಿ ಜೋರಾದಾಗ ಮೊದಲು ಮೂಗನ್ನೇ ಮಂಕು ಮಾಡುತ್ತದೆಯಂತೆ, ಆಮೇಲೆ ಮನುಷ್ಯನನ್ನು. ಹಾಗಾಗಿ ನಮಗೆ ಸೊಂಟಕ್ಕೆ ಕಟ್ಟಿಕೊಳ್ಳುವ ಮೀಟರ್ ಕೊಟ್ಟಿದ್ದಾರೆ, ಅಪಾಯವಿದ್ದರೆ ಅದು ಕೂಗುತ್ತದೆ. ನನ್ನ ಮೂಗು ಮಾತ್ರ ಹಾಗೆ ಒಂದೇ ದಿನ ಹೋದದ್ದಲ್ಲ. ವರ್ಷಗಳ ಮೇಲೆ ವರ್ಷ, ಸ್ವಲ್ಪ ಸ್ವಲ್ಪವೇ ರಜೆ ಹಾಕುತ್ತ ಹೋಗಿ ಕೊನೆಗೆ ಕೆಲಸಕ್ಕೆ ಬರುವುದನ್ನೇ ಬಿಟ್ಟಿತು. ಹಾಲು ಸೀದದ್ದು, ಮಲ್ಲಿಗೆ ಅರಳಿದ್ದು ಎಲ್ಲವನ್ನೂ ನನ್ನ ಹೆಂಡತಿ ಬಾಯಲ್ಲಿ ಹೇಳಿಯೇ ನನಗೆ ಗೊತ್ತಾಗಬೇಕು. ಹರಿಹರದ ಮನೆಯಲ್ಲಿ ನಾನು ಅಂಗಿ ಬಿಚ್ಚುವುದು ಹಿತ್ತಲಲ್ಲಿ. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇವತ್ತು ಪಂಪು ಕೆಟ್ಟಿತ್ತಾ?” ಅನ್ನುತ್ತಾಳೆ. ಒಮ್ಮೆಯೂ ತಪ್ಪಿಲ್ಲ.

ಆಫೀಸಿಗೆ ಇದನ್ನು ನಾನು ಹೇಳಿರಲಿಲ್ಲ. ಜನಕ್ಕೆ ವಾಸನೆ ಬಾರದ ಹಾಗೆ ನೋಡಿಕೊಳ್ಳಬೇಕಾದವನಿಗೇ ವಾಸನೆ ಬಾರದು ಎಂದು ಯಾವ ಬಾಯಲ್ಲಿ ಹೇಳುವುದು? ಮೀಟರಿಗೆ ಜೀವ ತೆಗೆಯುವ ಗಾಳಿ ತಿಳಿಯುತ್ತದೆ, ಊಟದ ರುಚಿ ಕೆಡಿಸುವಷ್ಟು ಗಾಳಿ ತಿಳಿಯುವುದಿಲ್ಲ. ಅದಕ್ಕೆ ನನಗಿದ್ದದ್ದು ಯಜಮಾನರ ಪುಸ್ತಕ.

ಅವರ ದೂರು ಓದಿಯೇ ನಾನು ಕೆಲಸ ಕಲಿತೆ. ಹಳಸಿದ ಕೋಸು ಎಂದು ಬರೆದರೆ ಬಾವಿಯ ಬಾಯಲ್ಲಿರುವ ಜಾಲರಿಯಲ್ಲಿ ಕಸ ಸಿಕ್ಕಿದೆ ಎಂದರ್ಥ. ಬರಿಯ ಮೊಟ್ಟೆ ಎಂದಿದ್ದರೆ ನೀರು ನಿಂತು ಕೊಳೆತಿದೆ. ಮುಂಚೆ ನಾನು ಬಾವಿ ತುಂಬುವ ತನಕ ಕಾದು ಒಟ್ಟಿಗೆ ಎತ್ತುತ್ತಿದ್ದೆ. ಅದನ್ನು ಬಿಟ್ಟು, ಪಂಪು ತಾನಾಗಿಯೇ ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ ಎತ್ತುವ ಹಾಗೆ ಹೊಂದಿಸಿದೆ. ಮರುದಿನ ‘ಸಹಿಸಬಹುದು’ ಎಂದು ಬಂತು. ಮೇಲಿನಿಂದ ಧೋ ಎಂದು ಬೀಳುತ್ತಿದ್ದ ನೀರಿಗೆ ಉದ್ದನೆಯ ಕೊಳವೆ ಹಾಕಿಸಿ ಕೆಳಗೆ ಮೆಲ್ಲಗೆ ಇಳಿಸಿದೆವು. ಮುಚ್ಚಳದ ಸುತ್ತ ರಬ್ಬರ್ ಕೂರಿಸಿದೆವು. ಕೊನೆಗೆ ಮೇಡಂ ಹೋರಾಡಿ ಒಂದು ಬ್ಲೋವರ್ ತರಿಸಿದರು. ಅದು ಬಾವಿಯ ಗಾಳಿಯನ್ನು ಎಳೆದು ಇದ್ದಿಲು ತುಂಬಿದ ಡ್ರಮ್ಮಿನ ಮೂಲಕ ಹೊರಗೆ ಬಿಡುತ್ತದೆ, ವಾಸನೆ ಇದ್ದಿಲಲ್ಲೇ ಉಳಿಯುತ್ತದೆ. ಅದನ್ನು ಹಾಕಿದ ದಿನ ಯಜಮಾನರು ಬಂದು ಬಹಳ ಹೊತ್ತು ನಿಂತರು. ಆಮೇಲೆ ಬರೆದರು: ‘ಇದ್ದಿಲು. ದೂರದಲ್ಲಿ ಮೊಟ್ಟೆ.’ ನನ್ನ ಕೆಲಸಕ್ಕೆ ಸಿಕ್ಕಿದ ಪ್ರಶಸ್ತಿ ಅದೊಂದೇ.

ಹೀಗಿರುವಾಗ ಒಂದು ವಾರ ಪುಸ್ತಕದಲ್ಲಿ ಏನೂ ಬರಲಿಲ್ಲ.

ಶನಿವಾರ ಮೇಡಂ ಫೋನ್ ಮಾಡಿದರು. “ದೂರು ಇಲ್ಲ ಮೇಡಂ,” ಅಂದೆ. “ಹೌದಾ? ಹಂಗಾದ್ರೆ ಎಲ್ಲಾ ಸರಿ ಐತೆ ಅಂತ ಬರ್ಕೊಳ್ಲಾ?” ಅಂದರು. ಅವರ ದನಿಯಲ್ಲಿ ಇಷ್ಟು ಖುಷಿಯನ್ನು ನಾನು ಕೇಳಿರಲಿಲ್ಲ. ಬರ್ಕೊಳ್ರಿ ಅಂದೆ.

ಸೋಮವಾರ ಬ್ಲೋವರಿನ ಬೆಲ್ಟು ಹರಿಯಿತು. ಹೊಸ ಬೆಲ್ಟು ಬರುವ ಹೊತ್ತಿಗೆ ಮಧ್ಯಾಹ್ನವಾಯಿತು. ಅಷ್ಟರಲ್ಲಿ ಬೀದಿಯಲ್ಲಿ ಹೋಗುವವರೆಲ್ಲ ಸೆರಗು, ಕರವಸ್ತ್ರ ಹುಡುಕತೊಡಗಿದ್ದರು. ಆಟೋದವನೊಬ್ಬ ಬ್ರೇಕು ಹಾಕಿ ನನ್ನನ್ನು ನೋಡಿ, ಏನೋ ಹೇಳಲು ಬಾಯಿ ತೆರೆದು, ಬಾಯಿ ತೆರೆದದ್ದಕ್ಕೇ ಪಶ್ಚಾತ್ತಾಪಪಟ್ಟು ಹೋದ. ಎದುರಿಗೆ ಯಜಮಾನರು ಜಗಲಿಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ಪುಟ ತಿರುವಿದರು. ಕಾಫಿ ಕುಡಿದರು. ಹಳೆಯ ಆಪರೇಟರ್ ಹೇಳಿದ್ದು ನೆನಪಾಯಿತು. ಬರುತ್ತಿದ್ದದ್ದು ತಟ್ಟನೆ ನಿಂತಿತ್ತು.

ಬೆಲ್ಟು ಹಾಕಿ ಕೈ ತೊಳೆಯುತ್ತಿದ್ದಾಗ ಅವರೇ ಗೇಟು ದಾಟಿ ಬಂದರು. ಪುಸ್ತಕದ ಕಡೆ ಹೋಗಲಿಲ್ಲ. ನೇರ ನನ್ನ ಹತ್ತಿರ ಬಂದು ನಿಂತರು.

“ಆಪರೇಟರ್ರೇ, ಆ ಮುಚ್ಚಳ ಒಂದ್ಸಲ ತೆಗೀರಿ.”

ಎರಡು ವರ್ಷ ಅದನ್ನು ಮುಚ್ಚಿ ಎಂದು ಬರೆದವರು ಅವರು. ನಾನು ನಲ್ಲಿ ನಿಲ್ಲಿಸಿದೆ.

“ತೆಗೀರಿ ಅಂದೆ. ನಾನು ಮೂಸಬೇಕು.”

ದೊಡ್ಡ ಮುಚ್ಚಳ ತೆಗೆಯುವ ಹಾಗಿಲ್ಲ. ಅದರಲ್ಲೇ ಒಂದು ಚಿಕ್ಕ ಕಿಂಡಿ ಇದೆ, ನೀರಿನ ಮಟ್ಟ ನೋಡುವುದಕ್ಕೆ. ಮೀಟರ್ ಹಿಡಿದು ನೋಡಿ, ಅದು ಕೂಗದಿರುವುದನ್ನು ಖಾತ್ರಿ ಮಾಡಿಕೊಂಡು, ಅವರ ತೋಳು ಹಿಡಿದು ಎರಡು ಹೆಜ್ಜೆ ದೂರ ನಿಲ್ಲಿಸಿ ಕಿಂಡಿ ತೆರೆದೆ. ಬೆಣ್ಣೆ ಮೂಸುವಾಗ ಮಾಡುವಂತೆ ಅವರು ಕಣ್ಣು ಮುಚ್ಚಿದರು. ಉದ್ದಕ್ಕೆ ಉಸಿರು ಎಳೆದರು. ಇನ್ನೊಮ್ಮೆ ಎಳೆದರು.

“ಏನೂ ಇಲ್ಲ,” ಅಂದರು.

ಕಿಂಡಿ ಮುಚ್ಚಿ ಅವರನ್ನು ಕುರ್ಚಿಯಲ್ಲಿ ಕೂರಿಸಿದೆ. ನಾಲ್ಕು ದಿನ ಜ್ವರ ಬಂದಿತ್ತಂತೆ. ಜ್ವರ ಹೋಗುವಾಗ ಮೂಗನ್ನೂ ತೆಗೆದುಕೊಂಡು ಹೋಯಿತಂತೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಎರಡು ದಿನದ ಹಿಂದೆ ಅಂಗಡಿಗೆ ಬಂದ ಬೆಣ್ಣೆಯನ್ನು ಬಣ್ಣ ನೋಡಿ, ತಂದವನ ಮುಖ ನೋಡಿ ‘ಹೂಂ’ ಅಂದುಬಿಟ್ಟಿದ್ದಾರೆ. ಅದರಲ್ಲೇ ಒಂದಿಷ್ಟು ಮನೆಗೆ ಬಂದಿದೆ. ತುಪ್ಪ ಕಾಯಿಸಲು ಒಲೆಗಿಟ್ಟ ಸೊಸೆ, “ಮಾವಾರೆ, ಇದ್ಯಾಕೋ ಕಮಟು ಐತಲ್ಲ,” ಅಂದಿದ್ದಾಳೆ.

“ಅದೇ ಬೆಣ್ಣಿ ಹೋಟೆಲಿಗೂ ಹೋಗೈತೆ,” ಅಂದರು. “ನಲವತ್ತು ವರ್ಷದಾಗ ಇದೇ ಮೊದಲು. ನಾಡಿದ್ದು ಮತ್ತೆ ಬೆಣ್ಣಿ ಬರ್ತೈತೆ. ಎಲ್ಲಾರೂ ನನ್ನ ಮುಖ ನೋಡ್ತಾರೆ. ನಾನು ಏನಂತ ಅನ್ಲಿ?”

ಅವರ ಬಗ್ಗೆ ನನಗೆ ನಿಜವಾಗಿ ಸಂಕಟವಾಯಿತು. ಸಂಕಟದಲ್ಲಿ ಬಾಯಿ ತಾನಾಗಿಯೇ ಬಿಚ್ಚಿತು. “ಯಜಮಾನ್ರೆ, ನನಗೂ ಬರಲ್ರಿ. ಎಷ್ಟೋ ವರ್ಷ ಆತು.”

ಅವರು ತಲೆಯೆತ್ತಿ ನೋಡಿದರು. “ಮತ್ತೆ ಇದನ್ನೆಲ್ಲ ಹೆಂಗೆ ನಡಸ್ತೀರಿ?”

“ನಿಮ್ಮ ದೂರು ನೋಡಿ.”

ಅವರು ಪುಸ್ತಕದ ಕಡೆ ನೋಡಿದರು. ಪಂಪು ತಾನಾಗಿ ಶುರುವಾಗಿ, ತಾನಾಗಿ ನಿಂತಿತು. “ಹಂಗಾದ್ರೆ ಈಗ ಇಬ್ಬರೂ ಕುರುಡ್ರು,” ಅಂದರು. ಎದ್ದು ಹೋಗುವಾಗ ಗೇಟಿನಲ್ಲಿ ನಿಂತು, “ನಾಡಿದ್ದು ನೀವೂ ಅಂಗಡಿಗೆ ಬರ್ರಿ,” ಅಂದರು. ಯಾಕೆ ಎಂದು ನಾನು ಕೇಳಲಿಲ್ಲ.

ಆ ದಿನ ರಜೆ ಹಾಕಿ, ಮೂರು ಸಲ ಸೋಪು ಹಚ್ಚಿ ಸ್ನಾನ ಮಾಡಿ, ಹೆಂಡತಿಯಿಂದ ಪಾಸ್ ಮಾಡಿಸಿಕೊಂಡು ಹೋದೆ. ಸೊಸೆಯೂ ಬಂದಿದ್ದಳು, ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಡಬ್ಬಿಗಳು ಸಾಲಾಗಿದ್ದವು. ಹಳ್ಳಿಯವರು ಒಂದು ಕಡೆ, ಹೋಟೆಲಿನವರು ಇನ್ನೊಂದು ಕಡೆ. ಯಜಮಾನರು ಮೊದಲ ಡಬ್ಬಿಯಿಂದ ಚೂರು ತೆಗೆದು ಅಂಗೈಗೆ ಉಜ್ಜಿದರು, ಮೂಗಿಗೆ ಹಿಡಿದರು. ‘ಹೂಂ’ ಅಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅನ್ನುತ್ತಾರೆ ಎಂದೇ ನಾನು ಅಂದುಕೊಂಡೆ, ನಾನಾಗಿದ್ದರೆ ಅನ್ನುತ್ತಿದ್ದೆ. ಅವರು ಕೈ ಇಳಿಸಿದರು. ನನ್ನ ಕಡೆ ಒಮ್ಮೆ ನೋಡಿದರು.

“ನನಗೆ ವಾಸನಿ ತಿಳೀವಲ್ದು,” ಅಂದರು. “ಹೋದ ಸಲದ್ದು ವಾಸನಿ ತಿಳೀದೇನೇ ಹೂಂ ಅಂದೆ. ಅದು ಕಮಟು ಇತ್ತು. ತಪ್ಪು ನನ್ನದು, ಉಳಿದದ್ದು ವಾಪಸ್ ತರ್ರಿ. ಇವತ್ತಿನಿಂದ ನಮ್ಮ ಸೊಸಿ ನೋಡ್ತಾಳೆ.”

ಹೋಟೆಲಿನವರೊಬ್ಬರು, “ನಮಗೂ ಅನುಮಾನ ಬಂದಿತ್ತು ಬಿಡ್ರಿ. ನೀವು ಹೂಂ ಅಂದೀರಿ ಅಂತ ನಮ್ಮ ಮೂಗನ್ನೇ ಬೈಕೊಂಡ್ವಿ,” ಅಂದರು. ಸೊಸೆ ಎದ್ದು ಬಂದು ಡಬ್ಬಿಗಳನ್ನು ಒಂದೊಂದಾಗಿ ಮೂಸಿದಳು. ನಾಲ್ಕನೆಯದನ್ನು ಪಕ್ಕಕ್ಕಿಟ್ಟಳು. ಅದನ್ನು ತಂದವನು ಜಗಳಕ್ಕೆ ಬಂದ. ಅವಳು ಮಾವನ ಮುಖ ನೋಡಲಿಲ್ಲ, ಮುಂದಿನ ಡಬ್ಬಿಗೆ ಹೋದಳು.

ಮರುದಿನ ನಾನು ಮೇಡಂಗೆ ಫೋನ್ ಮಾಡಿ ಯಜಮಾನರ ಮೂಗಿನ ವಿಷಯವನ್ನೂ ನನ್ನ ಮೂಗಿನ ವಿಷಯವನ್ನೂ ಹೇಳಿದೆ. ಅವರು, “ನಿಮ್ಮದು ನನಗೆ ಗೊತ್ತಿತ್ತು. ನಿಮ್ಮ ಟಿಫನ್ ಬಾಕ್ಸ್ ಎಲ್ಲಿ ಇಟ್ಕೊಂಡು ಉಣ್ತೀರಿ ಅಂತ ನೋಡಿದ್ದೆ,” ಅಂದರು. ಆಪರೇಟರ್ ಕೆಲಸಕ್ಕೆ ಕಿವಿ ಬೇಕು, ಕಣ್ಣು ಬೇಕು, ಮೂಗಿನ ಬಗ್ಗೆ ನಿಯಮದಲ್ಲಿ ಏನೂ ಇಲ್ಲವಂತೆ.

ಅಂದಿನಿಂದ ಯಜಮಾನರು ದಿನಾ ಸಂಜೆ ಐದೂವರೆಗೆ ಗೇಟಿಗೆ ಬರತೊಡಗಿದರು. ಡಾಕ್ಟರು ದಿನಾ ಏನಾದರೂ ಮೂಸುತ್ತಿರಿ, ಮೂಗು ತಿರುಗಿ ಕಲಿಯಬಹುದು ಎಂದಿದ್ದರಂತೆ. ಲವಂಗ, ನಿಂಬೆಹಣ್ಣು ಎಂದು ಚೀಟಿ ಬರೆದುಕೊಟ್ಟಿದ್ದರಂತೆ. “ಇದಕ್ಕಿಂತ ಜೋರಾದದ್ದು ಯಾವುದೈತೆ?” ಅಂದರು ಯಜಮಾನರು. ನಾನು ಒಂದು ನಿಮಿಷ ಬ್ಲೋವರ್ ನಿಲ್ಲಿಸಿ ಕಿಂಡಿ ತೆರೆಯುತ್ತಿದ್ದೆ. ಅವರು ಎರಡು ಹೆಜ್ಜೆ ದೂರ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ತಲೆಯಾಡಿಸಿ ಹೋಗುತ್ತಿದ್ದರು. ಯಾವ ನಿಯಮದಲ್ಲಿ ಇದಕ್ಕೆ ಅವಕಾಶವಿದೆ ಎಂದು ನಾನು ಹುಡುಕಲು ಹೋಗಲಿಲ್ಲ.

ಒಂದು ಬೆಳಿಗ್ಗೆ ಸೊಸೆ ಬಂದು ಪುಸ್ತಕ ಕೇಳಿದಳು. “ಅಣ್ಣಾರೆ, ದಿನಾ ಸಂಜಿ ಐದೂವರಿಗೆ ಕರೆಕ್ಟಾಗಿ ಒಂದು ನಿಮಿಷ ಗಬ್ಬು ಬರ್ತೈತೆ. ಏನು ಅದು?” ನಿಜ ಹೇಳಿದೆ. ಮಾವ ವಾಕಿಂಗ್ ಹೋಗುತ್ತಾರೆ ಎಂದು ಅವಳು ತಿಳಿದಿದ್ದಳು. ಪೆನ್ನಿನ ಮುಚ್ಚಳ ಹಾಕಿ ಮನೆಗೆ ಹೋದಳು. ಮರುದಿನದಿಂದ ಐದೂವರೆಗೆ ಅವರ ಮನೆಯ ಕಿಟಕಿಗಳು ಮುಚ್ಚಿರುತ್ತಿದ್ದವು. ಪುಸ್ತಕ ಖಾಲಿಯೇ ಉಳಿಯಿತು. ಪ್ರತಿ ಶನಿವಾರ ಮೇಡಂ “ದೂರು ಐತಾ?” ಎಂದು ಕೇಳುವರು, ನಾನು “ಇಲ್ಲ ಮೇಡಂ,” ಅನ್ನುವೆ. ಈಗ ಅವರ ದನಿಯಲ್ಲೂ ಖುಷಿ ಇರುತ್ತಿರಲಿಲ್ಲ.

ಹಾಗೆ ಎಷ್ಟು ತಿಂಗಳು ನಡೆಯಿತೋ ಲೆಕ್ಕವಿಟ್ಟಿಲ್ಲ. ಒಂದು ಶನಿವಾರ ಸಂಜೆ ಎಂದಿನಂತೆ ಕಿಂಡಿ ತೆರೆದೆ. ಯಜಮಾನರು ಕಣ್ಣು ಮುಚ್ಚಿ ಉಸಿರು ಎಳೆದರು. ಹುಬ್ಬು ಗಂಟಾಯಿತು. ಹೆಗಲ ಮೇಲಿನ ಟವೆಲ್ ತೆಗೆದು ಮೂಗಿಗೆ ಒತ್ತಿಕೊಂಡರು.

“ಮುಚ್ರಿ ಅದನ್ನ,” ಅಂದರು.

ಮುಚ್ಚಿದೆ. ಮುಚ್ಚುವ ಮುಂಚೆ ನಾನೂ ಒಮ್ಮೆ ಬಗ್ಗಿ ಮೂಸಿದೆ. ಏನೂ ಇರಲಿಲ್ಲ. ಬ್ಲೋವರ್ ಹಾಕಿ ಬರುವಷ್ಟರಲ್ಲಿ ಅವರು ಪುಸ್ತಕ ತೆರೆದು ಬರೆಯುತ್ತಿದ್ದರು. ಕಣ್ಣಲ್ಲಿ ನೀರಿತ್ತು. ಅದು ಬಾವಿಯ ಗಾಳಿಗೆ ಬಂದದ್ದಲ್ಲ. ‘ಸಂಜೆ ಐದೂವರೆ. ಕೊಳೆತ ಮೊಟ್ಟೆ. ಜಾಸ್ತಿ. ಕೂಡಲೇ ಸರಿಪಡಿಸಬೇಕು.’ ಕೆಳಗೆ ಸಹಿ ಹಾಕಿ, ನನ್ನ ಕಡೆ ನೋಡದೆ ಗೇಟು ದಾಟಿ ಹೋದರು.

ಆಗಲೇ ಫೋನ್ ಬಂತು.

“ದೂರು ಐತಾ?” ಅಂದರು ಮೇಡಂ.

“ಐತೆ ಮೇಡಂ,” ಅಂದೆ. “ಎಲ್ಲಾ ಸರಿ ಐತೆ ಅಂತ ಬರ್ಕೊಳ್ರಿ.”