ಹೆಣದ ಪಾರ್ಟು

ಬ್ಲೌಸ್ ಹೊಲಿಸಲು ಬಂದವರು ಮದುವೆಗೆ ಎನ್ನುತ್ತಾರೆ, ಹಬ್ಬಕ್ಕೆ ಎನ್ನುತ್ತಾರೆ. ಹೆಣಕ್ಕೆ ಎಂದವಳು ಒಬ್ಬಳೇ.

ಹೊಸಹಳ್ಳಿಯಲ್ಲಿ ಮೆಟ್ರೋ ಕಂಬಗಳ ಹಿಂದಿನ ಅಡ್ಡರಸ್ತೆಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಇಪ್ಪತ್ತೆಂಟು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಎದುರಿಗೆ ಹಳೆಯ ಹೆಂಚಿನ ಮನೆ ಇದೆ. ಅದರ ಒಡೆಯರಾದ ಅಣ್ಣತಮ್ಮಂದಿರು ಪಾಲಿನ ಜಗಳದಲ್ಲಿ ಕೋರ್ಟು ಹತ್ತಿದ್ದರಿಂದ ಅದನ್ನು ಯಾರೂ ಕೆಡವಿರಲಿಲ್ಲ. ಸುತ್ತ ನಾಲ್ಕು ಮಹಡಿಯ ಕಟ್ಟಡಗಳೆದ್ದರೂ ಅದೊಂದು ಮಾತ್ರ ಊರಿನ ಮನೆಯ ಹಾಗೆ ಕೂತಿತ್ತು. ಸಿನಿಮಾದವರ ಕಣ್ಣಿಗೆ ಬಿದ್ದದ್ದು ಅದಕ್ಕೇ.

ಒಂದು ಬೆಳಿಗ್ಗೆ ಆ ಸಿನಿಮಾದ ಬಟ್ಟೆಬರೆ ನೋಡಿಕೊಳ್ಳುವ ಹುಡುಗಿ ಹಸಿರು ಬಟ್ಟೆ ಹಿಡಿದು ಬಂದಳು.

"ಆಂಟಿ, ನಾಳೆ ಬೆಳಿಗ್ಗೆಗೇ ಬೇಕು."

"ಯಾರಿಗಮ್ಮ? ಅಳತೆ ಬ್ಲೌಸ್ ಎಲ್ಲಿ?"

"ಹೆಣಕ್ಕೆ ಆಂಟಿ. ಅಳತೆ ಬರ್ಕೊಂಡು ಬಂದಿದೀನಿ, ನೋಡಿ."

ಕತ್ತರಿ ಕೈಯಲ್ಲೇ ಉಳಿಯಿತು. ಅವಳು ನಕ್ಕು ಕತೆ ಹೇಳಿದಳು. ಸಣ್ಣ ಊರು, ಅಲ್ಲೊಬ್ಬ ಮುದುಕಿ ಸತ್ತಿದ್ದಾಳೆ. ಜಮೀನಿನ ಪತ್ರಕ್ಕೆ ಅವಳ ಹೆಬ್ಬೆಟ್ಟು ಬೀಳುವ ತನಕ ಇಬ್ಬರು ಮಕ್ಕಳು ಸಾವನ್ನು ಮುಚ್ಚಿಡುತ್ತಾರೆ. ಅದೇ ಊರಿನ ಇಬ್ಬರು ಸರಗಳ್ಳರು ಪೊಲೀಸರಿಗೆ ಹೆದರಿ, ಕದ್ದ ಸರವನ್ನು ಮುದುಕಿಯ ಬೆನ್ನ ಕೆಳಗೆ ತಳ್ಳುತ್ತಾರೆ. ಮುದುಕಿ ತೊಂಬತ್ತು ದಾಟುತ್ತಾಳೆ ಎಂದು ಊರಿಗೆಲ್ಲ ಸಾರಿದ್ದ ಜ್ಯೋತಿಷಿಗೆ ತನ್ನ ಮಾತು ಸುಳ್ಳಾಯಿತಲ್ಲ ಎಂಬ ಚಿಂತೆ. ಅವನು ಹೆಣವನ್ನೇ ಮಾಯ ಮಾಡಲು ಹೊರಡುತ್ತಾನೆ. ಮೂರು ಕತೆಗಳೂ ಒಂದೇ ಹೆಣದ ಸುತ್ತ ಸುತ್ತುತ್ತವೆ, ಒಬ್ಬರಿಗೊಬ್ಬರ ಮೇಲೆ ಕೊಲೆಯ ಅನುಮಾನ ಬೇರೆ.

"ನಗೋ ಸಿನಿಮಾನಾ ಅಳೋ ಸಿನಿಮಾನಾ?" ಎಂದೆ.

"ನಗೋದೇ ಆಂಟಿ. ಆದ್ರೆ ನಕ್ಕಮೇಲೆ ಒಂಥರಾ ಅನ್ಸುತ್ತೆ."

"ಮುದುಕಿನ ಕೊಂದಿದ್ದು ಯಾರು?"

"ಅದು ಡೈರೆಕ್ಟರ್‌ಗೊಬ್ಬರಿಗೇ ಗೊತ್ತು."

ಸಂಜೆಯವರೆಗೂ ತಲೆಯಲ್ಲಿ ಅದೇ ಪ್ರಶ್ನೆ. ತೋಳು ಕೂಡಿಸುತ್ತ ದೊಡ್ಡ ಮಗನೇ ಎಂದುಕೊಂಡೆ, ಹುಕ್ಕು ಹಚ್ಚುವಾಗ ಜ್ಯೋತಿಷಿ ಇರಬಹುದು ಎನಿಸಿತು.

ಮರುದಿನ ಬ್ಲೌಸ್ ತಯಾರಿತ್ತು, ಹೆಣ ಬರಲಿಲ್ಲ. ಆ ಪಾತ್ರಕ್ಕೆ ಒಪ್ಪಿದ್ದ ನಾಟಕದ ಹೆಂಗಸಿನ ಸೊಸೆ ಬಸುರಿಯಂತೆ. ಇಂಥ ಹೊತ್ತಿನಲ್ಲಿ ಹೆಣದ ಪಾರ್ಟು ಬೇಡವೆಂದು ಮನೆಯವರು ತಡೆದರಂತೆ. ಗದಗದ ಕಡೆಯ ನಿರ್ದೇಶಕ, ಮೂವತ್ತು ಮೂವತ್ತೆರಡರ ಸಣಕಲು ಹುಡುಗ, ನಮ್ಮ ಬೀದಿಯ ಹೆಂಗಸರನ್ನೇ ಕೇಳಲು ಶುರುಮಾಡಿದ. ಮೂಲೆಮನೆಯ ಅಜ್ಜಿ, "ಬಿಡ್ತು ಅನ್ನಪ್ಪಾ! ನಾಲಿಗೆ ಕಚ್ಕೋ!" ಎಂದು ಬಾಗಿಲು ಹಾಕಿಕೊಂಡರು. ಕೊನೆಗೆ ನನ್ನ ಬಾಗಿಲಿಗೆ ಬಂದ.

"ಅಮ್ಮಾರ, ನೀವೇನೂ ಮಾಡೂದು ಬ್ಯಾಡ್ರಿ. ಸುಮ್ನ ಮಕ್ಕೊಂಡ್ರ ಸಾಕ್ರಿ."

ಒಳಗೆ ಹೋಗಿ ಬ್ಲೌಸ್ ಹಾಕಿ ನೋಡಿದೆ. ನನ್ನ ಅಳತೆಗೇ ಹೊಲಿದ ಹಾಗಿತ್ತು. ನನಗೆ ತೆರೆಯ ಮೇಲೆ ಬರುವ ಆಸೆ ಯಾವತ್ತೂ ಇರಲಿಲ್ಲ. ಆದರೆ ಸಾವಿನ ಮನೆಗೆ ಹೋದಾಗಲೆಲ್ಲ ನನ್ನನ್ನು ಕಾಡುವ ಯೋಚನೆಯೊಂದಿತ್ತು. ಎಲ್ಲರೂ ಸುತ್ತ ನಿಂತು ಮಾತಾಡುತ್ತಾರೆ, ನಡುವೆ ಮಲಗಿದವರಿಗೆ ಮಾತ್ರ ಅದು ಏನೂ ಅಲ್ಲ. ಆ ಜಾಗದಿಂದ ಲೋಕ ಹೇಗಿರುತ್ತದೆ? ಬದುಕಿದ್ದಾಗಲೇ ಹೋಗಿ ನೋಡಿಬರುವ ಅವಕಾಶ ಯಾರಿಗೆ ಸಿಗುತ್ತದೆ?

ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಸುದ್ದಿ ಕೇಳಿ ಕನ್ನಡಕ ತೆಗೆದು ನೋಡಿದರು. "ಅರವತ್ತಾಗ್ತಾ ಬಂತು ಅಂತ ರಿಹರ್ಸಲ್ ಮಾಡ್ತೀಯೇನೇ?"

"ಮೂರು ದಿನ ಮಲ್ಕೊಂಡು ಎದ್ದು ಬರ್ತೀನಿ ಕಣ್ರೀ."

ಅವರು ಮಾತು ಬಿಟ್ಟರು. ಆದರೆ ಶೂಟಿಂಗ್ ಶುರುವಾದಾಗ ನಮ್ಮ ಜಗಲಿಯ ಮೇಲೆ ಕೈಕಟ್ಟಿಕೊಂಡು ಕೂತು, ಎದುರುಮನೆಯ ಬಾಗಿಲನ್ನೇ ನೋಡುತ್ತಿದ್ದರು.

ಸುಮ್ಮನೆ ಮಲಗುವುದು ಅಷ್ಟು ಸುಲಭವಲ್ಲ ಎಂದು ಮೊದಲ ದಿನವೇ ಗೊತ್ತಾಯಿತು. ಕಣ್ಣು ಬಿಗಿಯಾಗಿ ಮುಚ್ಚಿದರೆ ರೆಪ್ಪೆ ನಡುಗುತ್ತದೆ. "ಕಣ್ಣ ಮುಚ್ಚಬ್ಯಾಡ್ರಿ, ಕಣ್ಣ ಮರೀರಿ," ಎಂದು ನಿರ್ದೇಶಕ ಕಲಿಸಿಕೊಟ್ಟ. ಮೂಗಿಗೆ ಹತ್ತಿ ತುರುಕಿದ್ದರಿಂದ ಬಾಯಲ್ಲಿ ಉಸಿರಾಡಬೇಕು, ಬಾಯಿ ತೆರೆದದ್ದು ಕಾಣಿಸಬಾರದು. ಅವನ ಕತೆಯ ಸಣ್ಣ ಊರಿನಲ್ಲಿ ಮೆಟ್ರೋ ಇರಲಿಲ್ಲ. ನಮ್ಮ ತಲೆಯ ಮೇಲೆ ಐದೈದು ನಿಮಿಷಕ್ಕೊಂದು ರೈಲು ಹೋಗುತ್ತಿತ್ತು. ಸದ್ದು ಕೇಳಿದೊಡನೆ "ಕಟ್" ಎನ್ನುತ್ತಿದ್ದರು. ಆಗ ನಾನು ಎದೆತುಂಬ ಉಸಿರೆಳೆದುಕೊಳ್ಳುತ್ತಿದ್ದೆ. ಶಾಟ್ ಮುಗಿದ ಕೂಡಲೇ ಮೇಕಪ್ಪಿನವರು ಬಂದು, "ಅಮ್ಮಾ, ಕ್ಯಾಮೆರಾ ನೋಡಿ ಒಂದ್ಸಲ ನಕ್ಬಿಡಿ, ಶಾಸ್ತ್ರ," ಎನ್ನುವರು. ಹೆಣವಾದವರ ಕೊನೆಯ ಚಿತ್ರ ಹೆಣದ್ದಾಗಬಾರದಂತೆ.

ಕಣ್ಣು ಮುಚ್ಚಿಕೊಂಡಾಗ ಕಿವಿ ಎಷ್ಟು ಚುರುಕಾಗುತ್ತದೆ ಎಂಬುದು ನನಗೆ ಹೊಸದು. ಚಿಕ್ಕ ಮಗನ ಪಾತ್ರದವನು ನನ್ನ ಹೆಬ್ಬೆರಳಿಗೆ ಶಾಯಿ ಮೆತ್ತುವಾಗ ತನ್ನ ಮುಂದಿನ ಮಾತನ್ನು ಬಾಯೊಳಗೇ ಉರುಹೊಡೆಯುತ್ತಿದ್ದ. ಸರಗಳ್ಳರಾಗಿದ್ದ ಇಬ್ಬರು ಬೇರೆ ದಿನಗಳಲ್ಲಿ ಊಟ ಡೆಲಿವರಿ ಮಾಡುವ ಹುಡುಗರು. ನನ್ನ ತಲೆಯ ಹತ್ತಿರವೇ, "ಮಗಾ, ಇವತ್ತು ಆಪ್‌ಗೆ ಲಾಗಿನ್ ಆಗಿಲ್ಲ ಕಣೋ," ಎಂದು ಪಿಸುಗುಟ್ಟುತ್ತಿದ್ದರು. ಹೆಣದ ಮುಂದೆ ಯಾರೂ ಮಾತು ಮುಚ್ಚಿಡುವುದಿಲ್ಲ. ಬಿಡುವಾದಾಗಲೆಲ್ಲ ನಾನು ನಿರ್ದೇಶಕನನ್ನು ಕೇಳುತ್ತಿದ್ದೆ, "ಅಪ್ಪಾ, ನಾನು ಸತ್ತಿದ್ದು ಹೇಗೆ?" ಅವನು ನಕ್ಕು, "ಥೇಟರಿಗೆ ಬರ್ರಿ," ಎಂದುಬಿಡುತ್ತಿದ್ದ.

ಮೂರನೆಯ ದಿನ ಗಾಜಿನ ಪೆಟ್ಟಿಗೆ ಬಂತು. ದೂರದ ನೆಂಟರು ಬರುವ ತನಕ ಶವವನ್ನು ತಣ್ಣಗೆ ಇಡುತ್ತಾರಲ್ಲ, ಅದು. ನಾಯಂಡಹಳ್ಳಿಯ ಗ್ಯಾರೇಜುಗಳ ನಡುವೆ ಶೆಡ್ ಇಟ್ಟುಕೊಂಡಿದ್ದ ಐವತ್ತರ ಗಂಡಸೊಬ್ಬರು ಗೂಡ್ಸ್ ಆಟೋದಲ್ಲಿ ತಂದರು. ಸಿನಿಮಾ, ನಾಟಕಕ್ಕೆಂದು ಅವರು ಅದನ್ನು ಯಾವತ್ತೂ ಕೊಟ್ಟಿರಲಿಲ್ಲ. ನಿರ್ದೇಶಕ ನಾಲ್ಕು ಸಲ ಹೋಗಿ ಕಾಡಿದ್ದಕ್ಕೆ ಒಪ್ಪಿ, ತಾವೂ ಜೊತೆಗಿರಬೇಕೆಂಬ ಷರತ್ತು ಹಾಕಿದ್ದರು.

ಇಳಿಸುವಾಗ ನನ್ನ ಮುಖ ನೋಡಿ ಗಾಬರಿಯಾದರು. ಬಿಳಿಚಿದ ಮೇಕಪ್ಪಿನಲ್ಲಿ ನಾನು ಕಾಫಿ ಕುಡಿಯುತ್ತಿದ್ದೆ.

"ಅಕ್ಕಾ, ಹದಿನೈದು ವರ್ಷದಿಂದ ಈ ಕೆಲಸದಲ್ಲಿದೀನಿ," ಎಂದರು. "ಇದರೊಳಗೆ ತಾವಾಗೇ ಹತ್ತಿ ಮಲ್ಕೊಂಡವ್ರು ಯಾರೂ ಇಲ್ಲ. ಸಾವಿನ ಮನೆಯಿಂದ ಹೊರಡ್ಬೇಕಾದ್ರೆ ನಾನು 'ಬರ್ತೀನಿ' ಅನ್ನಲ್ಲ. ಇಲ್ಲಿ ಏನಂತ ಹೇಳಿ ಹೋಗ್ಲಿ ಅಂತಾನೇ ಗೊತ್ತಾಗ್ತಿಲ್ಲ."

ಒಳಗೆ ಇಳಿದು ಮಲಗಿದೆ. ಗಾಜಿನ ಮುಚ್ಚಳ ಬಿತ್ತು. ಅಂಚಿನಲ್ಲಿ ಸಣ್ಣ ಕಡ್ಡಿ ಸಿಕ್ಕಿಸಿ ಗಾಳಿಗೆ ದಾರಿ ಬಿಟ್ಟಿದ್ದರು. ಗಾಜು ಮಂಜಾಗಬೇಕೆಂದು ತಣ್ಣಗೆ ಮಾಡುವ ಮಿಷನ್ನನ್ನು ಸ್ವಲ್ಪ ಹೊತ್ತು ಓಡಿಸಿದರು. ಬೆನ್ನಿಗೆ ತಗಡಿನ ತಣುಪು ಹತ್ತಿತು. ಹೊರಗಿನ ಮಾತು ನೀರಿನಡಿಯಿಂದ ಕೇಳಿದ ಹಾಗೆ ಬರುತ್ತಿತ್ತು. ಹೆದರಿಕೆಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಇಷ್ಟೇನೇ, ಎನಿಸಿತು.

ಮಧ್ಯಾಹ್ನ ಮೂರರ ಹೊತ್ತಿಗೆ, ಶಾಟಿನ ನಡುವೆಯೇ ಫೋನು ಮೊಳಗಿತು. "ಕಟ್" ಎಂದರು. ಪೆಟ್ಟಿಗೆಯವರ ದನಿ ಕೇಳಿಸಿತು.

"ಯಾವಾಗಮ್ಮ? ... ಕುರುಬರಹಳ್ಳಿನಾ? ... ಇರಿ, ನೋಡಿ ಹೇಳ್ತೀನಿ."

ಅವರ ಮಿಕ್ಕ ಪೆಟ್ಟಿಗೆಗಳೆಲ್ಲ ಬೇರೆ ಬೇರೆ ಮನೆಗಳಲ್ಲಿದ್ದವು. ಖಾಲಿ ಇದ್ದದ್ದು ಇದೊಂದೇ, ಇದರಲ್ಲಿ ನಾನಿದ್ದೆ. ಸಿನಿಮಾದ ಮ್ಯಾನೇಜರ್ ಒಪ್ಪಲಿಲ್ಲ. "ಅಣ್ಣಾ, ಇನ್ನೆರಡು ಶಾಟ್ ಇದೆ. ಲೈಟ್ ಹೋಗುತ್ತೆ. ಒಂದು ಗಂಟೆ ತಡ್ಕೊಳ್ಳೋಕೆ ಹೇಳಿ."

"ಸತ್ತವ್ರಿಗೆ ತಡ್ಕೊಳ್ಳಿ ಅಂತ ಹೆಂಗ್ ಸಾರ್ ಹೇಳ್ಲಿ?"

ನಿರ್ದೇಶಕನ ದನಿ ಕೇಳಲಿಲ್ಲ. ಅವರು ನನ್ನ ಮೇಲೆ ಬಾಗಿ ವಾದಿಸುತ್ತಿದ್ದರು, ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ನಾನು ಬೆರಳ ಗೆಣ್ಣಿನಿಂದ ಗಾಜನ್ನು ತಟ್ಟಿದೆ. ಸರಗಳ್ಳರಲ್ಲೊಬ್ಬ "ಅಯ್ಯಯ್ಯೋ" ಎಂದು ಹಿಂದೆ ಹಾರಿದ. ಮುಚ್ಚಳ ತೆಗೆದರು. ಎದ್ದು ಕೂತು ಮೂಗಿನ ಹತ್ತಿ ಕಿತ್ತೆ.

"ಅಲ್ಲಿ ನಿಜವಾಗ್ಲೂ ಹೋಗಿದಾರೆ. ಪೆಟ್ಟಿಗೆ ಕಳ್ಸಿ. ನಾನು ಎಲ್ಲೂ ಹೋಗಲ್ಲ, ನಾಳೆ ಬಂದು ಮತ್ತೆ ಮಲ್ಕೋತೀನಿ."

ನಿರ್ದೇಶಕ ಪೆಟ್ಟಿಗೆಯವರ ಕಡೆ ತಿರುಗಿ, "ಒಯ್ರಿ ಅಣ್ಣಾರ," ಎಂದ. "ನಾ ಮೊದಲ ಹೇಳಬೇಕಿತ್ತು."

ಪೆಟ್ಟಿಗೆಯಲ್ಲಿ ನಮ್ಮ ಸುಳ್ಳು ಸಾವಿನ ಹೂವು, ಕುಂಕುಮ, ಹೆಬ್ಬೆಟ್ಟಿನ ಶಾಯಿ ಎಲ್ಲ ಇದ್ದವು. ಹಾಗೇ ಕಳಿಸಲು ಮನಸ್ಸು ಬರಲಿಲ್ಲ. ಬಕೆಟ್ಟು ತಂದು, ಹೊಲಿಗೆಯ ಮೆತ್ತನೆ ಚಿಂದಿಬಟ್ಟೆಯಿಂದ ಮೂಲೆ ಮೂಲೆ ಒರೆಸಿದೆ. ಕೊಬ್ಬರಿ ಎಣ್ಣೆಯಿಂದ ಮುಖ ತಿಕ್ಕಿಕೊಂಡು ನಾನೂ ಆಟೋ ಹತ್ತಿದೆ. ಯಾಕೆ ಹತ್ತಿದೆ ಎಂದು ಈಗ ಕೇಳಿದರೆ ಸರಿಯಾಗಿ ಹೇಳಲಾರೆ. ನಾನು ಎದ್ದುಬಂದ ಜಾಗದಲ್ಲಿ ಮಲಗುವವರು ಯಾರು ಎಂದು ನೋಡದೆ ಇರಲಾಗಲಿಲ್ಲ. ಜಗಲಿಯಿಂದ ನನ್ನ ಗಂಡ, "ಎಲ್ಲಿಗೇ ಅದರ ಜೊತೆ?" ಎಂದು ಕೂಗಿದರು. ಆಟೋ ಆಗಲೇ ಹೊರಟಿತ್ತು.

ಕುರುಬರಹಳ್ಳಿಯಲ್ಲಿ ಎರಡನೇ ಮಹಡಿಯ ಸಣ್ಣ ಮನೆ. ಹೋದವರು ನನ್ನ ವಯಸ್ಸಿನವರೇ. ಬೆಳಿಗ್ಗೆ ತಿಂಡಿ ಮಾಡಿಟ್ಟು, ಎದೆನೋವೆಂದು ಕೂತವರು ಏಳಲಿಲ್ಲವಂತೆ. ಮಗ ಬೀದರಿನಲ್ಲಿ ಕೆಲಸದಲ್ಲಿದ್ದ, ಬರುವಷ್ಟರಲ್ಲಿ ಬೆಳಗಾಗುತ್ತಿತ್ತು. ಮೂವತ್ತರ ಮಗಳು ಒಬ್ಬಳೇ, ಅಕ್ಕಪಕ್ಕದವರ ನಡುವೆ ಅಳದೆ ನಿಂತಿದ್ದಳು.

ಪೆಟ್ಟಿಗೆಯನ್ನು ಹಜಾರಕ್ಕೆ ತಂದಿಟ್ಟು ಮಿಷನ್ ಹಾಕಿದರು. ಆ ಹುಡುಗಿ ಮುಂದೆ ಬಂದು ತಗಡಿನ ಮೇಲೆ ಅಂಗೈ ಇಟ್ಟಳು.

"ಅಣ್ಣಾ, ಒಳಗೆ ತುಂಬಾ ಚಳಿ ಆಗುತ್ತಾ? ಅಮ್ಮಂಗೆ ಫ್ಯಾನ್ ಗಾಳಿನೂ ಆಗ್ತಿರ್ಲಿಲ್ಲ."

ಪೆಟ್ಟಿಗೆಯವರು ಬಗ್ಗಿ ವೈರು ಸರಿಮಾಡತೊಡಗಿದರು. ಪಕ್ಕದ ಮನೆಯವರು ಯಾರೋ, "ಅವ್ರಿಗೇನು ಗೊತ್ತಾಗುತ್ತಮ್ಮ," ಎಂದರು. ನನ್ನ ಬಾಯಿ ತಾನಾಗಿ ಆಡಿಬಿಟ್ಟಿತು.

"ಬೆನ್ನಿಗೆ ಸ್ವಲ್ಪ ತಣ್ಣಗೆ ಹತ್ತುತ್ತೆ, ಅಷ್ಟೇ. ಮುಖಕ್ಕೆ ಏನೂ ಆಗಲ್ಲ. ಮೇಲಿಂದ ಬೆಳಕು ಬರುತ್ತೆ. ಉಸಿರು ಕಟ್ಟಿದ ಹಾಗೂ ಅನ್ಸಲ್ಲ."

ಅವಳು ನನ್ನ ಕಡೆ ತಿರುಗಿದಳು. "ನಿಮಗೆ ಹೇಗೆ ಗೊತ್ತು ಆಂಟಿ?"

ಸುಳ್ಳು ಹೇಳಬಹುದಿತ್ತು, ಆಗಲಿಲ್ಲ. "ಒಂದು ಗಂಟೆ ಮುಂಚೆ ನಾನೇ ಇದರಲ್ಲಿ ಮಲಗಿದ್ದೆ ಕಣಮ್ಮ. ಸಿನಿಮಾಗೆ."

ಈಗ ನನ್ನನ್ನು ಆಚೆಗೆ ನೂಕುತ್ತಾರೆ ಎಂದುಕೊಂಡೆ. ಅವಳು ನನ್ನ ಕಿವಿಯ ಹಿಂದೆ ಉಳಿದಿದ್ದ ಬಿಳಿ ಬಣ್ಣವನ್ನು ನೋಡಿದಳು, ಹೆಬ್ಬೆರಳಿನ ಶಾಯಿಯನ್ನು ನೋಡಿದಳು. ಅವಳ ತುಟಿ ಒಂದು ಕಡೆಗೆ ಸೊಟ್ಟಗಾಯಿತು. ನಗುವೋ ಅಳುವೋ ತಿಳಿಯದ ಸದ್ದೊಂದು ಬಂತು. ಅದರ ಬೆನ್ನಿಗೇ ಬೆಳಗಿನಿಂದ ತಡೆದಿದ್ದ ಅಳು ಕಿತ್ತುಕೊಂಡು ಬಂತು. ನಾನು ಅವಳನ್ನು ಹಿಡಿದುಕೊಂಡೆ. ಎಷ್ಟೋ ಹೊತ್ತಿನ ಮೇಲೆ, "ಅಮ್ಮಂಗೆ ಸಿನಿಮಾ ಅಂದ್ರೆ ಪ್ರಾಣ ಆಂಟಿ," ಎಂದಳು. "ಏನು ಸಿನಿಮಾ?"

ಸಾವಿನ ಮನೆಯಲ್ಲಿ ಕೂತು ಸರಗಳ್ಳರ ಕತೆ ಹೇಳಿದೆ. ಅವಳು ಕೇಳಿಸಿಕೊಂಡು, ಒಳಗಿನಿಂದ ಅಮ್ಮನ ಹಳೆಯ ಹತ್ತಿಯ ದುಪ್ಪಟಿ ತಂದು, "ಬೆನ್ನಿಗೆ ಇದನ್ನ ಹಾಸ್ಬಹುದಾ?" ಎಂದು ಪೆಟ್ಟಿಗೆಯವರನ್ನು ಕೇಳಿದಳು. "ಹಾಸಮ್ಮ," ಎಂದರು ಅವರು. ನಾವಿಬ್ಬರೂ ಸೇರಿ ನಾಲ್ಕು ಮಡಿಕೆ ಮಾಡಿ ಹಾಸಿದೆವು.

ಎರಡು ದಿನ ಬಿಟ್ಟು ಅದೇ ಪೆಟ್ಟಿಗೆ ನಮ್ಮ ಬೀದಿಗೆ ವಾಪಸ್ಸು ಬಂತು. ಮಾತು ಕೊಟ್ಟಿದ್ದೆ, ಮಲಗಿದೆ. ಆ ಸಲ ಅಷ್ಟು ಸಲೀಸಾಗಿ ಮಲಗಲಾಗಲಿಲ್ಲ. ಆ ಹೆಂಗಸಿನ ಮುಖವೇ ಕಣ್ಣ ಮುಂದೆ ಇತ್ತು. ಆ ಶಾಟೇ ಎಲ್ಲಕ್ಕಿಂತ ಚೆನ್ನಾಗಿ ಬಂತು ಎಂದು ನಿರ್ದೇಶಕ ಹೇಳಿದ. ಕಾರಣ ಅವನಿಗೆ ಹೇಳಲಿಲ್ಲ.

ಕರ್ಮಾಂತರ ಮುಗಿದ ಮೇಲೆ ಆ ಹುಡುಗಿ ಅಮ್ಮನ ಸೀರೆ ಹಿಡಿದು ಬ್ಲೌಸ್ ಹೊಲಿಸಲು ಬಂದಳು. ಆಮೇಲೆ ಬರುತ್ತಲೇ ಇದ್ದಾಳೆ. ಹತ್ತು ತಿಂಗಳಿಗೆ ಸಿನಿಮಾ ಬಿಡುಗಡೆಯಾದಾಗ, "ಮೊದ್ಲು ನೀವು ನೋಡ್ಬನ್ನಿ ಆಂಟಿ. ನಾನು ನೋಡ್ಬಹುದಾ ಬೇಡ್ವಾ ಅಂತ ಆಮೇಲೆ ಹೇಳಿ," ಎಂದಳು.

ನಾನೂ ನನ್ನ ಗಂಡನೂ ಗಾಂಧಿನಗರದ ಥಿಯೇಟರಿಗೆ ಮ್ಯಾಟಿನಿಗೆ ಹೋದೆವು. ಅರ್ಧ ಸೀಟು ಖಾಲಿ ಇತ್ತು, ಬಂದಿದ್ದವರು ಮಾತ್ರ ಬಿದ್ದು ಬಿದ್ದು ನಕ್ಕರು. ನಮ್ಮ ಬೀದಿ ನಿಜಕ್ಕೂ ಯಾವುದೋ ಸಣ್ಣ ಊರಾಗಿತ್ತು. ಕೊನೆಯಲ್ಲಿ, ಎಲ್ಲರೂ ಎಲ್ಲರ ಮೇಲೂ ಕೊಲೆಯ ಅನುಮಾನ ಹೊರಿಸಿ ಹೊಡೆದಾಡಿ ಸ್ಟೇಷನ್ನಿಗೆ ಹೋದ ಮೇಲೆ, ಡಾಕ್ಟರು ಪೋಸ್ಟ್‌ಮಾರ್ಟಂ ಕಾಗದ ಓದುತ್ತಾರೆ: ಮುದುಕಿಯನ್ನು ಯಾರೂ ಕೊಂದಿರಲಿಲ್ಲ. ರಾತ್ರಿ ಊಟ ಮಾಡಿ ಮಲಗಿದವಳು ನಿದ್ದೆಯಲ್ಲೇ ಹೋಗಿದ್ದಳು. ಇಡೀ ಊರಿನಲ್ಲಿ ಅಪರಾಧವಿಲ್ಲದೆ ನಡೆದದ್ದು ಅದೊಂದೇ. ನನಗೆ ಸಮಾಧಾನವೂ ಆಯಿತು, ಚೂರು ನಿರಾಸೆಯೂ ಆಯಿತು. ಹುಡುಗಿಗೆ ನೋಡು ಎಂದೇ ಹೇಳಬೇಕೆಂದು ಅಲ್ಲೇ ತೀರ್ಮಾನಿಸಿದೆ.

ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಹತ್ತಿ ಕೂತ ಮೇಲೆ ನನ್ನ ಗಂಡ ಮೆಲ್ಲಗೆ ಕೇಳಿದರು, "ಆ ದೊಡ್ಡ ಮಗ ಕೊನೇಲಿ ಹೆಬ್ಬೆಟ್ಟು ಒತ್ತಿಸ್ಕೊಂಡ್ನಾ ಇಲ್ವಾ?"

"ಪಕ್ಕದಲ್ಲೇ ಕೂತಿದ್ರಲ್ರೀ, ನೋಡ್ಲಿಲ್ವಾ?"

"ನೀನು ಬಂದಾಗೆಲ್ಲ ಕಣ್ಣು ಮುಚ್ಕೋತಿದ್ದೆ ಕಣೇ."

ನಾನು ಇಲ್ಲದ ದೃಶ್ಯ ಆ ಸಿನಿಮಾದಲ್ಲಿ ಹೆಚ್ಚೆಂದರೆ ಐದಾರು. ಅವರು ಏನನ್ನೂ ನೋಡಿರಲಿಲ್ಲ. ಮೊದಲಿನಿಂದ ಹೇಳತೊಡಗಿದೆ. ಎದುರು ಸೀಟಿನಲ್ಲಿದ್ದ ಕಾಲೇಜಿನ ಹುಡುಗಿಯರಿಬ್ಬರು ಕಿವಿಯ ತಂತಿ ತೆಗೆದು ಕೇಳಿಸಿಕೊಳ್ಳತೊಡಗಿದರು. ಹೊಸಹಳ್ಳಿ ಬರುವಷ್ಟರಲ್ಲಿ ಜ್ಯೋತಿಷಿ ಇನ್ನೂ ಗೋಡೆ ಹಾರುತ್ತಿದ್ದ. ಮಿಕ್ಕದ್ದನ್ನು ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತು ಹೇಳಿ ಮುಗಿಸಿದೆ. ನನ್ನ ಗಂಡ ಎಲ್ಲ ಕೇಳಿ, ಮೊಣಕಾಲಿನ ಮೇಲೆ ಬಡಿದುಕೊಂಡು ನಕ್ಕರು.