ಅತ್ತೆಯ ಕೆನ್ನೆಯೊಳಗಿನ ಜ್ಯೇಷ್ಠಮಧು

ತೆಲಂಗಾಣ ಹೊಸ ರಾಜ್ಯವಾದ ವರ್ಷ ಊರಿಗೆಲ್ಲ ಅದೇ ಮಾತು. ಮಕ್ತಲದ ನಮ್ಮ ಮನೆಗೆ ಮಾತ್ರ ಅತ್ತೆಯ ಒಣಕೆಮ್ಮಿನದೇ ಚಿಂತೆ. ಬೀರಪ್ಪನ ಪೂಜೆಯಲ್ಲಿ ಹಾಡು ಎತ್ತುವವರು ಅವರು. ಅವರು ಎತ್ತದೆ ಉಳಿದ ಹೆಂಗಸರು ಬಾಯಿ ತೆರೆಯುವಂತಿಲ್ಲ. ಈಗ ಒಂದು ಸಾಲು ಮುಗಿಸುವಷ್ಟರಲ್ಲಿ ಕೆಮ್ಮು. ಹಾಡು ಬೇರೆಯವರ ಪಾಲಾದೀತೆಂದು ಅವರು ಸರಿಯಾಗಿ ಉಣ್ಣುತ್ತಲೂ ಇರಲಿಲ್ಲ.

ಓಣಿಯಲ್ಲಿ ವೈದ್ಯರಿಗೇನು ಬರ? ಒಬ್ಬರು ಆಡುಸೋಗೆ ರಸ ಎಂದರು, ಒಬ್ಬರು ತುಳಸಿ-ಮೆಣಸಿನ ಕಷಾಯ, ಇನ್ನೊಬ್ಬರು ಜೇನು. ಅತ್ತೆ ಎಲ್ಲವನ್ನೂ ಒಂದೇ ದಿನ ಕುಡಿದರು. ಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ತಡೆಯಲಾಗಲಿಲ್ಲ.

“ಒಂದೊಂದಾ ತಗೋರಿ ಅತ್ತಿ, ಯಾವುದು ಹಿಡಿತೈತಿ ನೋಡೂಣು.”

“ನೋಡಾಕ ನಾ ಏನ್ ನಿನ್ನ ಸಾಲ್ಯಾಗಿನ ಕಪ್ಪಿ ಏನು?”

ಕೊನೆಗೆ ಗದ್ವಾಲದ ಡಾಕ್ಟರಮ್ಮನ ಬಳಿ ಹೋದೆವು. ಅತ್ತೆಯ ಬಿಪಿ ಮಾತ್ರೆಯನ್ನು ಹಿಂದಿನ ಸಲವೇ ಹೆಚ್ಚಿಸಿದ್ದರೂ ಬಿಪಿ ಏರಿತ್ತು. ಬೇರೇನು ತಿನ್ನುತ್ತೀರಿ ಎಂದು ಡಾಕ್ಟರಮ್ಮ ಕೇಳಿದರೆ ಅತ್ತೆ “ಏನಿಲ್ರೀ” ಎಂದರು, ಕೆನ್ನೆ ಉಬ್ಬಿಸಿಕೊಂಡೇ.

“ಮತ್ತ ಬಾಯಾಗೇನೈತಿ?”

“ಜ್ಯೇಷ್ಠಮಧು ರೀ. ಅದು ಮದ್ದಲ್ಲ, ಹಾಡೋರ ಬಾಯಾಗ ಇರೂದ.”

ನಮ್ಮ ಹಾಡುವ ಹೆಂಗಸರಿಗೆ ಆ ಸಿಹಿ ಬೇರು ಎಲೆ-ಅಡಿಕೆ ಇದ್ದಹಾಗೆ. ಕೆಮ್ಮು ಬಂದಮೇಲಂತೂ ಅತ್ತೆ ಅದನ್ನು ಉಗುಳಿದ್ದೇ ಕಾಣೆ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಆ ಬಗೆಯ ಬಿಪಿ ಮಾತ್ರೆ ಕೆಲವರಿಗೆ ಒಣಕೆಮ್ಮು ತರುತ್ತದೆ. ಜ್ಯೇಷ್ಠಮಧು ಗಂಟಲಿಗೆ ಹಿತ, ಆದರೆ ಹೆಚ್ಚಾದರೆ ಬಿಪಿ ಏರಿಸುತ್ತದೆ. ಕೆಮ್ಮಿಗೆ ಬೇರು, ಬೇರಿನಿಂದ ಬಿಪಿ, ಬಿಪಿಗೆ ಮಾತ್ರೆ, ಮಾತ್ರೆಯಿಂದ ಕೆಮ್ಮು: ಗಾಣದೆತ್ತಿನ ಸುತ್ತು! ಲೆಕ್ಕ ಬಿಡಿಸಿದಂತಾಗಿ ನನಗೆ ಒಳಗೊಳಗೇ ಖುಷಿಯಾಯಿತು. ಉಳಿದ ಮದ್ದುಗಳ ಕತೆ ಕೇಳಿದೆ. ಜೇನಿನಿಂದ ಕೆಮ್ಮು ಸ್ವಲ್ಪ ತಗ್ಗುವುದನ್ನು ಪರೀಕ್ಷಿಸಿ ಕಂಡಿದ್ದಾರಂತೆ. ಆಡುಸೋಗೆಯನ್ನು ಹೆಚ್ಚಾಗಿ ಬೇರೆ ಗಿಡಮೂಲಿಕೆ ಬೆರೆಸಿಯೇ ಪರೀಕ್ಷಿಸಿದ್ದಾರೆ, ಯಾವುದರ ಗುಣವೋ ಹೇಳಲಾಗದು, “ನಿಮ್ಮ ಅತ್ತಿ ಕುಡದಂಗ” ಎಂದು ನಕ್ಕರು.

ಮಾತ್ರೆ ಬದಲಾಯಿತು, ಬೇರು ಬಂದ್. “ಅದಿಲ್ದ ಹೆಂಗ ಹಾಡ್ಲಿ?” ಎಂದು ಅತ್ತೆ ಬಸ್ಸಿನಲ್ಲಿ ಕಣ್ಣೀರು ಹಾಕಿದರು. ನನ್ನ ಖುಷಿಗೆ ನನಗೇ ನಾಚಿಕೆಯಾಯಿತು.

ಪೂಜೆಯ ಹೊತ್ತಿಗೆ ಕೆಮ್ಮು ನಿಂತಿತ್ತು. ಅತ್ತೆಯೇ ಹಾಡು ಎತ್ತಿದರು. ನಾನೆಂದೂ ಕೇಳದ ಒರಟು ದನಿ, ನಡುವೆ ಒಡೆಯಿತು ಕೂಡ. ಹೆಂಗಸರು ಸಾಲನ್ನು ಹಿಡಿದು ಮುಂದುವರಿಸಿದರು.

ಹಾಡು ಮುಗಿಸಿ ಬಂದು ನನ್ನ ಪಕ್ಕ ಕೂತರು. ಅಳುತ್ತಾರೇನೋ ಎಂದು ಹೆದರಿದೆ. ಅವರು ಗುಡಿಯ ಕಡೆ ನೋಡುತ್ತ ಕೇಳಿದರು:

“ಇಷ್ಟು ವರ್ಷ ಬೀರಪ್ಪಗ ನಾ ಬರೇ ಬೇರಿನ ದನಿ ಕೇಳಿಸೀನೇನವಾ?”