ಮೂರು ಲೀಟರ್ ನೀರು

ಹೊಳವನಹಳ್ಳಿಯ ಬಸ್ ನಿಲ್ಲುವ ಜಾಗದಲ್ಲಿ ಸೊಪ್ಪು ಮಾರುವ ಚಿಕ್ಕಹನುಮಕ್ಕ ಬೆಳಗ್ಗೆ ಆರಕ್ಕೆ ಕೂತರೆ ಮಧ್ಯಾಹ್ನದ ತನಕ ಗೂಟ ಹೊಡೆದಂತೆ ಕೂತಿರುತ್ತಿದ್ದಳು. ಹೆಂಗಸರು ಪದೇ ಪದೇ ಮರೆಗೆ ಎದ್ದು ಹೋದರೆ ಗಿರಾಕಿಗಳು ನಗುತ್ತಾರೆಂದು ನೀರನ್ನೇ ಮುಟ್ಟುತ್ತಿರಲಿಲ್ಲ. ಬಾಯಿ ಒಣಗಿದರೆ ಎಲೆಯಡಿಕೆ, ಜೊತೆಗೆ ಚಿಟಿಕೆ ಹೊಗೆಸೊಪ್ಪು. ಮೂವತ್ತು ವರ್ಷ ಹೀಗೇ ಕಳೆಯಿತು. ಐವತ್ತೆಂಟಕ್ಕೆ ಎಡಗೆನ್ನೆಯೊಳಗೆ ಗಡ್ಡೆ ಎದ್ದಿತು.

ಮೂರು ವಾರಕ್ಕೊಂದರಂತೆ ಮೂರು ಕೀಮೋ ಎಂದರು ಬೆಂಗಳೂರಿನ ಡಾಕ್ಟರು. ಗಡ್ಡೆ ಕುಗ್ಗಿದರೆ ಕತ್ತರಿಸಿ ತೆಗೆಯಬಹುದು. ಕುಗ್ಗದಿದ್ದರೆ ಕತ್ತಿಗೂ ದಾರಿಯಿಲ್ಲ. ನರ್ಸ್ ಅಶ್ವಿನಿ ಕೈ ಹಿಡಿದು ಹೇಳಿದಳು: "ಅಮ್ಮ, ಈ ಔಷಧಿ ಗಡ್ಡೆನೂ ಸುಡುತ್ತೆ, ಕಿಡ್ನಿನೂ ಸುಡುತ್ತೆ. ಇಲ್ಲಿ ನಾವು ಡ್ರಿಪ್ ಹಾಕಿ ತೊಳೀತೀವಿ. ಮನೇಲಿ ದಿನಾ ಮೂರು ಲೀಟರ್ ನೀವೇ ಕುಡೀಬೇಕು. ವಾಂತಿ ಆಗಿ ಕುಡಿಯೋಕೆ ಆಗ್ಲಿಲ್ಲ ಅಂದ್ರೆ ತಕ್ಷಣ ಫೋನ್ ಮಾಡಿ."

ಮೊದಲನೆಯದಕ್ಕೇ ಗಡ್ಡೆ ಅರ್ಧ ಇಳಿಯಿತು. ಎರಡನೆಯದು ಹಾಕಿಸಿಕೊಂಡು ಬರುವಾಗ, ಒಳಗೆ ಹೋದ ಡ್ರಿಪ್ ನೀರೆಲ್ಲ ಬಸ್ಸು ದಾಬಸ್‌ಪೇಟೆ ದಾಟುವಷ್ಟರಲ್ಲಿ ಒತ್ತತೊಡಗಿತು.

"ಒಸಿ ನಿಲ್ಸಪ್ಪಾ," ಎಂದಳು ಕಂಡಕ್ಟರಿಗೆ.

"ನಿಮ್ಮಪ್ಪನ ಬಸ್ಸಾ ಅಜ್ಜಿ? ತುಮಕೂರು ಬರೋಗಂಟ ಬಿಗಿ ಹಿಡ್ಕೊ."

ಹಿಂದಿನ ಸೀಟಿನವನೊಬ್ಬ, "ಕೊಡೆ ಬಿಚ್ರಪ್ಪಾ, ಮಳೆ ಬಂದೀತು!" ಎಂದ. ಬಸ್ಸೆಲ್ಲ ನಕ್ಕಿತು. ಗಂಡ ಕದಿರಯ್ಯ ತನಗೂ ಅವಳಿಗೂ ಸಂಬಂಧವೇ ಇಲ್ಲದವನಂತೆ ಕಿಟಕಿಯತ್ತ ತಿರುಗಿಕೊಂಡ. ತುಮಕೂರು ಬರಲಿಲ್ಲ, ಸೀಟು ಒದ್ದೆಯಾಯಿತು.

ಮನೆಯಲ್ಲಿ ವಾಂತಿ ಹಿಡಿದು ಕಾಲು ಸೋತವು. ಪಾಯಿಖಾನೆ ಹಿತ್ತಲ ಕೊನೆಯಲ್ಲಿ. ಎದ್ದು ಹೋಗಲು ಗಂಡನ ಹೆಗಲು ಬೇಕಿತ್ತು. ಎರಡನೇ ಸಲ ಕರೆದಾಗಲೇ ಅವನು ಸಿಡುಕಿದ.

"ಏನಮ್ಮಿ, ಕೆರೆ ತೂಬು ಕಿತ್ತೋಗದಾ? ಬಸ್ನಾಗೆ ಮಾನ ಕಳೆದಿದ್ದು ಸಾಲ್ದಾ? ಇದೇ ಕೆಲ್ಸಕ್ಕಾ ನಾನಿರಾದು?"

ಅವಳು ಚೊಂಬನ್ನು ಮಂಚದಡಿಗೆ ತಳ್ಳಿದಳು. ಅಂದಿನಿಂದ ತುಟಿ ಒದ್ದೆ ಮಾಡಿಕೊಳ್ಳುವಷ್ಟೇ ನೀರು. ಇಡೀ ದಿನ ಕರೆಯದಿದ್ದರೆ ಕದಿರಯ್ಯ ನಗುನಗುತ್ತಾ ಮಾತಾಡುತ್ತಿದ್ದ. ಅವಳಿಗೆ ಅಷ್ಟೇ ಸಾಕಾಗಿತ್ತು. ಮೂರನೇ ದಿನ ಅಶ್ವಿನಿ ಫೋನ್ ಮಾಡಿ, "ನೀರು ಕುಡೀತಿದೀರಾ ಅಮ್ಮ?" ಎಂದು ಕೇಳಿದಳು.

"ಬಿಂದಿಗೆಗಟ್ಲೆ ಕುಡೀತಿವ್ನಿ ಕಣವ್ವ."

ಮೂರನೇ ಕೀಮೋದ ದಿನ ಮುಖ ಊದಿತ್ತು. ರಕ್ತದ ರಿಪೋರ್ಟ್ ನೋಡಿದ ಡಾಕ್ಟರು ಪೆನ್ನು ಕೆಳಗಿಟ್ಟರು. "ಕಿಡ್ನಿ ಕೆಟ್ಟಿದೆ. ಈ ಔಷಧಿ ಇನ್ನು ಕೊಡೋ ಹಾಗಿಲ್ಲ. ಬೇರೆಯದು ಇದೆ, ಅಷ್ಟು ಚುರುಕಿಲ್ಲ. ಅದನ್ನ ಹಾಕೋಕೂ ಕಿಡ್ನಿ ಒಂದಿಷ್ಟು ಚೇತರಿಸ್ಕೋಬೇಕು. ಮೂರು ವಾರ ಬಿಟ್ಟು ಬನ್ನಿ."

"ಕುಡೀತಿದೀನಿ ಅಂದಿದ್ರಲ್ಲಮ್ಮ?" ಎಂದಳು ಅಶ್ವಿನಿ.

ಕದಿರಯ್ಯ ಮುಂದೆ ಬಿದ್ದ. "ಸುಳ್ಳಿ ಕಣಮ್ಮ ಇವ್ಳು. ಕುಡಿ ಕುಡಿ ಅಂತ ಬಡ್ಕಂಡೆ, ನನ್ ಮಾತು ಕೇಳಿದ್ರೆ ತಾನೆ?"

ಚಿಕ್ಕಹನುಮಕ್ಕ ಅವನ ಮುಖವನ್ನೇ ನೋಡಿದಳು. ಕುಪ್ಪಸದ ತೋಳು ಮೇಲೆ ಸರಿಸಿ ಕೈ ಚಾಚಿದಳು.

"ಕಿಡ್ನಿ ಹೋದ್ರೆ ಹೋಗ್ಲಿ ಸ್ವಾಮಿ. ಗಡ್ಡೆ ಇಳಿದಿತ್ತಲ್ಲ, ಇದೊಂದು ಹಾಕ್ಬುಡಿ."

"ಹಾಕಿದ್ರೆ ಗಡ್ಡೆಗಿಂತ ಮುಂಚೆ ಇದೇ ಕೊಲ್ಲುತ್ತೆ," ಎಂದರು ಡಾಕ್ಟರು.

ಚಾಚಿದ ಕೈ ಹಾಗೇ ಇತ್ತು. ಅಶ್ವಿನಿಯೇ ಕುಪ್ಪಸದ ತೋಳನ್ನು ಮೆಲ್ಲಗೆ ಕೆಳಗೆ ಎಳೆದಳು. ಕದಿರಯ್ಯ ಆಗಲೇ ಚೀಲ ಎತ್ತಿಕೊಂಡು ನಿಂತಿದ್ದ.

"ಏಳಮ್ಮಿ, ಎರಡು ಗಂಟೆ ಬಸ್ಸಾದ್ರೂ ಸಿಕ್ತದೆ."